ಲ್ಯಾಪ್‌ಟಾಪ್‌ನ ಎರಡು ಕೀ ಕೈಕೊಟ್ಟಿವೆ, ನಾನೇ ಸರಿಮಾಡಬಹುದಾ?

ಖಂಡಿತ ಮಾಡಬಹುದು. ಐದು ವರ್ಷ ಹಳೆಯ ಲ್ಯಾಪ್‌ಟಾಪ್, ಎ ಮತ್ತು ಎಲ್ ಕೀ ಗಟ್ಟಿಯಾಗಿ ಒತ್ತಿದರೆ ಮಾತ್ರ ಬರುತ್ತವೆ, ಅಂಗಡಿಯವರು ಹೊಸದೇ ತಗೊಳ್ಳಿ ಅಂದರು ಅಂತ ಬರೆದಿದ್ದೀರಿ. ಗಟ್ಟಿಯಾಗಿ ಒತ್ತಿದರೆ ಬರುತ್ತದೆ ಅನ್ನೋದೇ ಒಳ್ಳೆಯ ಲಕ್ಷಣ. ಅಂದರೆ ಒಳಗಿನ ಲೈನ್ ಇನ್ನೂ ಜೀವಂತ ಇದೆ.

ನಾನು ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ದಿನವಿಡೀ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪಿಂಗ್. ಹೋದ ಮದುವೆ ಸೀಸನ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ನ ಎಫ್ ಕೀ ಹೀಗೇ ಆಯಿತು. ನುಡಿಯಲ್ಲಿ ಒತ್ತಕ್ಷರ ಬರೋದೇ ಎಫ್‌ನಿಂದ. ಲಗ್ನಪತ್ರಿಕೆಯಲ್ಲಿ ‘ಜ್ಯೇಷ್ಠ ಪುತ್ರಿ’ ಅಂತ ಹೊಡೆದರೆ ‘ಜಯೇಷಠ ಪುತರಿ’ ಅಂತ ಬರುತ್ತಿತ್ತು. ಒಂದು ಕೀ ಹೋದರೆ ಕನ್ನಡವೇ ನಿಂತುಹೋಗುತ್ತದೆ ಅಂತ ಆವತ್ತು ಗೊತ್ತಾಯಿತು. ನನಗೂ ಒಬ್ಬರು ಇಡೀ ಕೀಬೋರ್ಡ್ ಬದಲಿಸಬೇಕು ಅಂದಿದ್ದರು. ಕೊನೆಗೆ ಕೀ ಕೆಳಗೆ ಸಿಕ್ಕಿದ್ದು ಅರ್ಧ ಹುರಿಗಡಲೆ.

ಬಿಚ್ಚುವ ಮೊದಲು ಹತ್ತು ನಿಮಿಷ ಪರೀಕ್ಷೆ ಮಾಡಿ. ಯಾರದ್ದಾದರೂ ಯುಎಸ್‌ಬಿ ಕೀಬೋರ್ಡ್ ತಂದು ಚುಚ್ಚಿ ನೋಡಿ. ಅದರಲ್ಲೂ ಅದೇ ಅಕ್ಷರ ಬರದಿದ್ದರೆ ತೊಂದರೆ ಇರೋದು ಸಾಫ್ಟ್‌ವೇರ್‌ನಲ್ಲಿ. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಅನ್ನೋದು ಆನ್ ಆಗಬಹುದು. ಆಮೇಲೆ ಕೀಗಳನ್ನು ಬೇಗ ಬೇಗ ಒತ್ತಿದರೆ ಅಕ್ಷರ ಬರೋದೇ ಇಲ್ಲ, ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳುತ್ತೇವೆ. ಚಿಕ್ಕ ಲ್ಯಾಪ್‌ಟಾಪ್ ಕೆಲವದರಲ್ಲಿ ನಮ್ ಲಾಕ್ ಆನ್ ಆಗಿ ಜೆ, ಕೆ, ಎಲ್ ಒತ್ತಿದರೆ 1, 2, 3 ಬರೋದೂ ಉಂಟು.

ಇನ್ನೊಂದು ವಿಷಯ. ಪ್ರತಿ ಕೀಗೂ ಬೇರೆ ಬೇರೆ ವೈರ್ ಇರೋದಿಲ್ಲ. ಅಡ್ಡ ಲೈನು, ಉದ್ದ ಲೈನು ಅಂತ ಜಾಲರಿ ತರಹ ಇರುತ್ತದೆ. ಒಂದು ಲೈನ್ ಹೋದರೆ ಅದರ ಮೇಲಿನ ಹಲವು ಕೀ ಒಟ್ಟಿಗೇ ಹೋಗುತ್ತವೆ, ಅವು ಅಕ್ಕಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ನಿಮ್ಮದು ಹಾಗಿಲ್ಲ. ಎರಡೇ ಕೀ, ಅವೂ ಗಟ್ಟಿಯಾಗಿ ಒತ್ತಿದರೆ ಬರುತ್ತವೆ. ಹಾಗಾಗಿ ಆಯಾ ಕೀಯ ಕೆಳಗೇ ಹುಡುಕಿ.

ಈಗ ಕೆಲಸಕ್ಕೆ ಬರೋಣ. ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ನೇರವಾಗಿ ಎ ಕೀಗೆ ಕೈ ಹಾಕಬೇಡಿ. ಮೊದಲು ನೀವು ಯಾವತ್ತೂ ಮುಟ್ಟದ ಒಂದು ಕೀಯ ಮೇಲೆ ಕೈ ಪಳಗಿಸಿಕೊಳ್ಳಿ, ಉದಾಹರಣೆಗೆ ಇನ್ಸರ್ಟ್. ಯಾವ ಬದಿಯಿಂದ ಎತ್ತಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಸಿಮ್ ಕಾರ್ಡ್ ಇದ್ದ ಪ್ಲಾಸ್ಟಿಕ್ ಕಾರ್ಡ್‌ನ ಮೂಲೆ ಅಥವಾ ಗಿಟಾರ್ ಪಿಕ್ ಸಾಕು. ಸ್ಕ್ರೂಡ್ರೈವರ್ ಬೇಡ, ಚಾಕು ಅಂತೂ ಬೇಡವೇ ಬೇಡ. ಸ್ಪೇಸ್ ಬಾರ್, ಎಂಟರ್‌ಗಳ ಕೆಳಗೆ ಸಾಮಾನ್ಯವಾಗಿ ತಂತಿ ಇರುತ್ತದೆ, ಅವನ್ನು ಬಿಟ್ಟುಬಿಡಿ. 2015ರ ನಂತರ ಕೆಲವು ವರ್ಷ ಬಂದ ಚಿಟ್ಟೆ ಮಾದರಿ ಕೀಗಳ ಮ್ಯಾಕ್‌ಬುಕ್ ನಿಮ್ಮದಾಗಿದ್ದರೆ ಕೀಳೋದೇ ಬೇಡ, ಅದರ ಕೊಕ್ಕೆ ಬಹಳ ನಾಜೂಕು.

ಒಂದು ಮೂಲೆಯನ್ನು ನಿಧಾನಕ್ಕೆ ಎತ್ತಿದರೆ ‘ಟಿಕ್’ ಅನ್ನುತ್ತದೆ. ಕೀಯ ಮೇಲಿನ ಕ್ಯಾಪ್ ಬಂತು. ಕೆಳಗೆ ಎರಡು ತೆಳು ಪ್ಲಾಸ್ಟಿಕ್ ಚೌಕಟ್ಟು ಕತ್ತರಿ ಹಾಗೆ ಒಂದರೊಳಗೊಂದು ಕೂತಿರುತ್ತವೆ. ನಡುವೆ ಚಿಕ್ಕ ರಬ್ಬರ್ ಗುಮ್ಮಟ. ನೀವು ಒತ್ತಿದಾಗ ಗುಮ್ಮಟ ಕುಸಿದು ಕೆಳಗಿನ ಪ್ಲಾಸ್ಟಿಕ್ ಹಾಳೆಯನ್ನು ಅದುಮುತ್ತದೆ, ಬಿಟ್ಟಾಗ ಅದೇ ಕೀಯನ್ನು ಮೇಲಕ್ಕೆ ದಬ್ಬುತ್ತದೆ. ನನ್ನ ಎಫ್ ಕೀಯಲ್ಲಿ ಹುರಿಗಡಲೆ ಕತ್ತರಿಯ ಕಾಲಿನ ಸಂದಿಯಲ್ಲಿ ಕೂತಿತ್ತು. ಮಂಡಕ್ಕಿ ಎಣ್ಣೆ, ಧೂಳು ಸೇರಿ ಸುತ್ತಲೂ ಕಪ್ಪು ಅಂಟು. ಕತ್ತರಿ ಅರ್ಧಕ್ಕೇ ನಿಲ್ಲುತ್ತಿತ್ತು.

ಚೂರುಗಳನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಅಂಟಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು, ಮೊಬೈಲ್ ರಿಪೇರಿ ಸಾಮಾನು ಮಾರುವ ಕಡೆ ಐಪಿಎ ಅಂತ ಕೇಳಿ. 99 ಪರ್ಸೆಂಟ್ ಇರೋದೇ ತಗೊಳ್ಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಆಗೋದಿಲ್ಲ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಥಿನ್ನರ್, ಪೆಟ್ರೋಲ್ ಹಾಕಿದರೆ ಪ್ಲಾಸ್ಟಿಕ್ಕೇ ಹಾಳಾಗುತ್ತದೆ. ಇಯರ್ ಬಡ್ ತುದಿಗೆ ಸ್ವಲ್ಪವೇ ಹಚ್ಚಿ ಒರೆಸಿ, ಪೂರ್ತಿ ಒಣಗಲು ಬಿಡಿ. ಗುಮ್ಮಟ ಹರಿದಿದ್ದರೆ ಆ ಇನ್ಸರ್ಟ್ ಕೀಯದ್ದು ಬಿಡಿಯಾಗಿ ಬರುತ್ತದಾ ನೋಡಿ, ಅದನ್ನೇ ತಂದು ಕೂರಿಸಬಹುದು. ಮತ್ತೆ ಹಾಕುವಾಗ ಕತ್ತರಿ ಮೊದಲು, ಕ್ಯಾಪ್ ಆಮೇಲೆ. ನೇರವಾಗಿಟ್ಟು ಹೆಬ್ಬೆರಳಿನಿಂದ ಅದುಮಿದರೆ ಕೂರುತ್ತದೆ. ಬಲ ಹಾಕಬೇಕಾಗಿ ಬಂದರೆ ಕತ್ತರಿ ಸರಿಯಾಗಿ ಕೂತಿಲ್ಲ ಅಂತ ಅರ್ಥ, ನಿಲ್ಲಿಸಿ ಮತ್ತೆ ನೋಡಿ.

ಟೀ, ಕಾಫಿ ಚೆಲ್ಲಿ ಒಳಗಿನ ಹಾಳೆಯ ಲೈನ್ ತುಕ್ಕು ಹಿಡಿದಿದ್ದರೆ ಮಾತ್ರ ನಾನು ರಿಪೇರಿಗೆ ಕೂರೋದಿಲ್ಲ. ಹಾಗಾದರೂ ಲ್ಯಾಪ್‌ಟಾಪ್ ಬದಲಿಸಬೇಕಾಗಿಲ್ಲ, ಕೀಬೋರ್ಡ್ ಒಂದೇ ಬದಲಿಸಿದರೆ ಸಾಕು. ಅದರ ಹಿಂದಿನ ಸ್ಟಿಕ್ಕರ್‌ನ ಪಾರ್ಟ್ ನಂಬರ್ ನೋಡಿ ತಗೊಳ್ಳಿ. ಬೆಂಗಳೂರಿಗೆ ಹೋಗೋದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ. ಹಳೆಯ ಮಾಡೆಲ್‌ಗಳಲ್ಲಿ ನಾಲ್ಕೈದು ಸ್ಕ್ರೂ ಬಿಚ್ಚಿ, ರಿಬ್ಬನ್ (ಚಪ್ಪಟೆ ಕೇಬಲ್) ಕನೆಕ್ಟರ್‌ನ ಚಿಕ್ಕ ಚಿಲಕ ಎತ್ತಿದರೆ ಕೀಬೋರ್ಡ್ ಕೈಗೆ ಬರುತ್ತದೆ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮೇಲಿನ ಕವರ್‌ಗೆ ಹತ್ತಾರು ಪ್ಲಾಸ್ಟಿಕ್ ಮೊಳೆ ಕರಗಿಸಿ ಕೂರಿಸಿರುತ್ತಾರೆ. ಅದು ಮನೆಯಲ್ಲಿ ಮೊದಲ ಸಲ ಮಾಡುವ ಕೆಲಸ ಅಲ್ಲ.

ಒಂದು ಮಾತು ದಯವಿಟ್ಟು ನೆನಪಿಡಿ. ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಉಬ್ಬಿದ ಹಾಗೆ ಕಂಡರೆ ಏನನ್ನೂ ಕೀಳಬೇಡಿ. ಕೆಳಗೆ ಬ್ಯಾಟರಿ ಊದಿರಬಹುದು, ಚುಚ್ಚಿದರೆ ಬೆಂಕಿ ಹತ್ತಬಹುದು. ಚಾರ್ಜ್‌ಗೂ ಹಾಕದೆ ಬ್ಯಾಟರಿ ಬದಲಿಸುವವರ ಹತ್ತಿರ ಕೊಂಡೊಯ್ಯಿರಿ.

ಉಬ್ಬು ಇಲ್ಲ ಅಂದರೆ ಇವತ್ತು ಇನ್ಸರ್ಟ್ ಕೀ ಒಂದನ್ನು ತೆಗೆದು, ಕತ್ತರಿ ಕೂತಿರುವ ರೀತಿಯ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ. ಎ ಕೀಯನ್ನು ಯಾವ ಬದಿಯಿಂದ ಎತ್ತಬೇಕು ಅಂತ ನೋಡಿ ಹೇಳುತ್ತೇನೆ.