ಎಂಟು ತಿಂಗಳು ನಿಂತ ಹಳೆಯ ಚೈನ್ ಟ್ರ್ಯಾಕ್ಟರ್ ಚಾಲೂ ಆಗುತ್ತಿಲ್ಲ, ಪಂಪ್ ಬಿಚ್ಚಿಸಬೇಕೇ?

ನೀವು ಕೇಳಿರುವುದು ಇಷ್ಟು: ಜೇವರ್ಗಿ ತಾಲ್ಲೂಕಿನ ನಿಮ್ಮ ಹೊಲದಲ್ಲಿ ಎಂಟು ತಿಂಗಳಿನಿಂದ ನಿಂತಿರುವ ನಾಲ್ಕು ಸಿಲಿಂಡರಿನ, ಟೈರಿನ ಬದಲು ಉಕ್ಕಿನ ಚೈನಿನ ಮೇಲೆ ಓಡುವ ಹಳೆಯ ಚೈನ್ ಟ್ರ್ಯಾಕ್ಟರಿನ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಇಂಜಿನ್ ಹಿಡಿಯುತ್ತಿಲ್ಲ. ಮಿಸ್ತ್ರಿಯವರು ಸಿಲಿಂಡರುಗಳಿಗೆ ಒತ್ತಡದಿಂದ ಡೀಸೆಲ್ ತಳ್ಳುವ ಪಂಪನ್ನು ಬಿಚ್ಚಿ ರಿಪೇರಿಗೆ ಕಳಿಸೋಣ ಎನ್ನುತ್ತಿದ್ದಾರೆ. ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಒಡ್ಡಿನ ಕೆಲಸ ಮುಗಿಯಬೇಕು. ಚಿತ್ತಾಪುರ, ಸೇಡಂ ಭಾಗದಲ್ಲಿ ಹದಿನಾಲ್ಕು ವರ್ಷ ಚೈನ್ ಗಾಡಿಯನ್ನು ಬಾಡಿಗೆಗೆ ಓಡಿಸಿದವನಾಗಿ ಹೇಳುತ್ತೇನೆ, ಪಂಪನ್ನು ಈಗಲೇ ಬಿಚ್ಚಿಸಬೇಡಿ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ: 'ಸೈಲೆನ್ಸರಿನಲ್ಲಿ ಹೊಗೆಯೇ ಬರುವುದಿಲ್ಲ.' ನನ್ನ ಮಟ್ಟಿಗೆ ಅದೇ ಮುಖ್ಯವಾದ ಮಾತು. ಡೀಸೆಲ್ ಇಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಅದುಮಿದಾಗ ಆ ಗಾಳಿ 500 ಡಿಗ್ರಿಗೂ ಮೀರಿ ಕಾಯುತ್ತದೆ, ಅದರೊಳಗೆ ನಾಝಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದಾಗ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಡೀಸೆಲ್ ಒಳಗೆ ಹೋಗಿಯೂ ಹೊತ್ತದಿದ್ದರೆ ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಕಾಣಲೇಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರನ್ನು ಮುಟ್ಟುತ್ತಿಲ್ಲ ಎಂದರ್ಥ. ಆದ್ದರಿಂದ ರಿಂಗು, ವಾಲ್ವು, ಹೆಡ್ಡು ಎಂಬ ಮಾತುಗಳನ್ನೆಲ್ಲ ಸದ್ಯಕ್ಕೆ ಬದಿಗಿಟ್ಟು, ಟ್ಯಾಂಕಿನಿಂದ ನಾಝಲ್‌ವರೆಗಿನ ದಾರಿಯನ್ನಷ್ಟೇ ಹಿಡಿದುಕೊಂಡು ಹೋಗಿ.

ಮೊದಲು ಪಂಪಿನ ಮೇಲಿರುವ ಸ್ಟಾಪ್ ಲಿವರನ್ನು ನೋಡಿ. ಸೀಟಿನ ಬಳಿಯ ಗುಂಡಿಯನ್ನು ಒಳಗೆ ತಳ್ಳಿದ್ದರೂ, ಅದರ ಕೇಬಲ್ ತುಕ್ಕು ಹಿಡಿದಿದ್ದರೆ ಪಂಪಿನ ಕಡೆಯ ಲಿವರ್ ಬಂದ್ ಆದ ಜಾಗದಲ್ಲೇ ಉಳಿದಿರುತ್ತದೆ. ಕೇಬಲ್ ಬಿಡಿಸಿ, ಲಿವರನ್ನು ಕೈಯಿಂದಲೇ ಆಡಿಸಿ ಪರೀಕ್ಷಿಸಿ. ಎರಡು ನಿಮಿಷದ ಈ ಕೆಲಸವನ್ನು ಮಾಡದೆ ಎರಡು ದಿನ ಕಳೆದವರನ್ನು ನಾನು ಕಂಡಿದ್ದೇನೆ.

ಆಮೇಲೆ ಟ್ಯಾಂಕು. ಅಡಿಯ ಕಾಕನ್ನು ತಿರುಗಿಸಿ ಒಂದು ಗಾಜಿನ ಬಾಟಲಿಯಲ್ಲಿ ಡೀಸೆಲ್ ಹಿಡಿದು, ಐದು ನಿಮಿಷ ಅಲುಗಾಡಿಸದೆ ಇಡಿ. ಅರ್ಧ ಖಾಲಿ ಟ್ಯಾಂಕು ಮಳೆಗಾಲ, ಚಳಿಗಾಲ ಎರಡನ್ನೂ ಕಂಡಿದ್ದರೆ ಒಳಗೋಡೆಯ ಮೇಲೆ ಬೆವರಿದ ನೀರು ತಳ ಸೇರಿರುತ್ತದೆ. ಬಾಟಲಿಯಲ್ಲಿ ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತದೆ, ಕೆಲವೊಮ್ಮೆ ಆ ಗೆರೆಯ ಮೇಲೆ ಕಂದು ಲೋಳೆಯೂ ಕೂತಿರುತ್ತದೆ. ನೀರು ಬರುವುದು ನಿಲ್ಲುವವರೆಗೂ ಕಾಕಿನಿಂದ ಹರಿಯಬಿಡಿ, ಫಿಲ್ಟರುಗಳನ್ನು ಹೊಸದು ಹಾಕಿ. ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ತೂತನ್ನೂ ನೋಡಿ. ನನ್ನ ಗಾಡಿಯಲ್ಲಿ ಒಮ್ಮೆ ಕುಂಬಾರ ಹುಳು ಆ ತೂತಿನ ಮೇಲೆ ಎರೆಮಣ್ಣಿನಿಂದ ಅಚ್ಚುಕಟ್ಟಾಗಿ ಗೂಡು ಮೆತ್ತಿತ್ತು, ಗಾಡಿ ಅರ್ಧ ಗಂಟೆ ಓಡುವುದು, ನಿಲ್ಲುವುದು, ಮುಚ್ಚಳ ತೆರೆದರೆ ಮತ್ತೆ ಓಡುವುದು.

ಇನ್ನು ಏರ್ ತೆಗೆಯುವ, ಅಂದರೆ ಡೀಸೆಲ್ ಲೈನಿನಲ್ಲಿ ಸೇರಿದ ಗಾಳಿಯನ್ನು ಹೊರಗೆ ಬಿಡುವ ಕೆಲಸ. ನಿಮ್ಮ ತೊಂದರೆ ಇಲ್ಲಿಯೇ ಇದೆ ಎಂದು ನನ್ನ ಅಂದಾಜು. ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಚಿಕ್ಕ ಫೀಡ್ ಪಂಪಿನ ಮೇಲಿನ ಹ್ಯಾಂಡ್ ಪ್ರೈಮರನ್ನು (ಕೈಯಿಂದ ಒತ್ತುವ ಗುಂಡಿ) ಬಿಡಿಸಿಕೊಂಡು ಒತ್ತುತ್ತಾ, ಟ್ಯಾಂಕಿಗೆ ಹತ್ತಿರದ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ; ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಬಂದ ಮೇಲೆ ಬಿಗಿ ಮಾಡಿ ಎರಡನೆಯ ಫಿಲ್ಟರಿಗೆ, ಅಲ್ಲಿಂದ ಪಂಪಿನ ಏರ್ ಸ್ಕ್ರೂಗೆ ಹೋಗಿ. ಕೊನೆಗೆ ನಾಝಲ್‌ಗಳ ಪೈಪಿನ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಸಿ. ನಾಲ್ಕೂ ಕಡೆ ಡೀಸೆಲ್ ಪುಟಿಯುವುದು ಕಂಡ ಮೇಲೆ ಒಂದೊಂದಾಗಿ ಬಿಗಿ ಮಾಡಿ. ಬೆರಳನ್ನು ಮಾತ್ರ ಅಲ್ಲಿಗೆ ಒಡ್ಡಬೇಡಿ. ಪಂಪಿನ ಒತ್ತಡ ಚದರ ಸೆಂಟಿಮೀಟರಿಗೆ 100 ಕಿಲೋ ಮೀರುತ್ತದೆ, ಆ ಧಾರೆ ಚರ್ಮ ಸೀಳಿ ಒಳಗೆ ಹೋದರೆ ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಕೈ ಕೊಳೆಯುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎಷ್ಟು ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ ಫೀಡ್ ಪಂಪಿಗಿಂತ ಹಿಂದೆ ಎಲ್ಲೋ ಗಾಳಿ ಸೇರುತ್ತಿದೆ. ಆ ಭಾಗದಲ್ಲಿ ಪಂಪ್ ಡೀಸೆಲನ್ನು ಎಳೆಯುತ್ತದೆ, ತಳ್ಳುವುದಿಲ್ಲ. ಹಾಗಾಗಿ ಜಾಯಿಂಟ್ ಸಡಿಲವಿದ್ದರೂ ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಿರುವಾಗ ಹೊರಗೆ ಒಂದು ಹನಿಯೂ ಸೋರದೆ ಒಳಗೆ ಗಾಳಿ ಹೀರಿಕೊಳ್ಳುತ್ತದೆ. 'ಎಲ್ಲೂ ಸೋರಿಕೆ ಇಲ್ಲ, ಆದ್ದರಿಂದ ಪಂಪೇ ಹೋಗಿದೆ' ಎಂಬ ತೀರ್ಮಾನಕ್ಕೆ ಮಿಸ್ತ್ರಿಗಳು ಬರುವುದು ಇದರಿಂದಲೇ. ನಾನೂ ಒಮ್ಮೆ ಹಾಗೆಯೇ ನಂಬಿದ್ದೆ. ಎರಡು ದಿನ ಏರ್ ತೆಗೆದು ಕೈ ಬೊಬ್ಬೆ ಬಂದ ಮೇಲೆ, ಕಾಗಿಣಾ ದಂಡೆಯ ಒಂದು ಹೊಲದಲ್ಲಿ, ಐದು ಲೀಟರಿನ ಡಬ್ಬಿಗೆ ಡೀಸೆಲ್ ತುಂಬಿ ಬಾನೆಟ್ಟಿನ ಮೇಲಿಟ್ಟು, ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಪೈಪಿನಿಂದ ನೇರವಾಗಿ ಫೀಡ್ ಪಂಪಿಗೆ ಜೋಡಿಸಿದೆ. ಗುಳ್ಳೆ ನಿಂತಿತು, ಮೂರನೆಯ ಸೆಲ್ಫಿಗೆ ಇಂಜಿನ್ ಹಿಡಿಯಿತು. ದೋಷ ಇದ್ದದ್ದು ಟ್ಯಾಂಕಿನ ಲೈನಿನ ಬ್ಯಾಂಜೋ ಬೋಲ್ಟಿನ (ಪೈಪನ್ನು ಜೋಡಿಸುವ, ನಡುವೆ ತೂತಿರುವ ಬೋಲ್ಟು) ಕೆಳಗಿನ ತಾಮ್ರದ ವಾಷರಿನಲ್ಲಿ. ಹತ್ತಾರು ಸಲ ಬಿಚ್ಚಿ ಬಿಗಿದು ಅದು ಕಲ್ಲಿನಂತೆ ಗಟ್ಟಿಯಾಗಿ, ಉಗುರಿಗೆ ತಗಲುವಂಥ ಒಂದು ಗೀರು ಅಂಚಿನಿಂದ ಅಂಚಿಗೆ ಬಿದ್ದಿತ್ತು. ಹೊಸ ವಾಷರಿಗಾಗಿ ಕಲಬುರಗಿವರೆಗೆ ಹೋಗುವ ಬದಲು, ಅದನ್ನೇ ನಯವಾದ ಪಾಲಿಷ್ ಕಾಗದದ ಮೇಲೆ ಉಜ್ಜಿ, ತಂತಿಗೆ ಪೋಣಿಸಿ ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಉಕ್ಕಾದರೆ ಹೀಗೆ ಮಾಡಿದಾಗ ಗಡುಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಆ ವಾಷರ್ ಮತ್ತೆ ನಾಲ್ಕು ವರ್ಷ ಬಾಳಿತು. ನೀವೂ ಈ ಡಬ್ಬಿಯ ಪರೀಕ್ಷೆ ಮಾಡಿ. ಡಬ್ಬಿಯಿಂದ ಚಾಲೂ ಆದರೆ ಪಂಪಿನ ಮೇಲಿನ ಅನುಮಾನ ಅಲ್ಲಿಗೇ ಮುಗಿಯುತ್ತದೆ.

ಡಬ್ಬಿಯಿಂದಲೂ ಆಗಲಿಲ್ಲ, ಪಂಪಿನವರೆಗೆ ಡೀಸೆಲ್ ಶುದ್ಧವಾಗಿ ಬಂದರೂ ನಾಝಲ್ ಪೈಪುಗಳು ಒಣಗಿವೆ ಎಂದಾದರೆ, ಆಗ ಪಂಪಿನ ಪಕ್ಕದ ಚಿಕ್ಕ ಮುಚ್ಚಳವನ್ನು ತೆಗೆಯಿರಿ. ನಮ್ಮ ಕಡೆ ಈ ಸಾಲು ಪಂಪುಗಳಿಗೆಲ್ಲ ಮೈಕೋ ಪಂಪ್ ಎಂದೇ ಹೆಸರು. ಆ ಕಂಪನಿಯೇ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಹೆಸರು ಹೋಗಿಲ್ಲ. ಒಳಗೆ ಸ್ಪ್ರಿಂಗುಗಳ ಹಿಂದೆ, ಡೀಸೆಲನ್ನು ಹೆಚ್ಚು ಕಡಿಮೆ ಮಾಡುವ ಒಂದು ಸರಳು, ಅಂದರೆ ರ‍್ಯಾಕ್ ಅಡ್ಡಲಾಗಿ ಓಡಾಡುತ್ತದೆ. ಹಳೆಯ ಡೀಸೆಲ್ ಅಂಟಾಗಿ ಅದನ್ನು ಬಂದ್ ಸ್ಥಿತಿಯಲ್ಲೇ ಹಿಡಿದುಬಿಡಬಹುದು. ಶುದ್ಧ ಡೀಸೆಲ್ ಚಿಮುಕಿಸಿ ರಾತ್ರಿ ಬಿಟ್ಟು, ಬೆಳಗ್ಗೆ ಬೆರಳಿನಿಂದ ಮೆಲ್ಲಗೆ ಆಡಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಸುತ್ತಿಗೆಯಂತೂ ಬೇಡವೇ ಬೇಡ. ಡೀಸೆಲನ್ನು ತಳ್ಳುವ ಪ್ಲಂಜರ್ ಎಂಬ ಸಣ್ಣ ದಂಡಕ್ಕೂ ಅದು ಓಡಾಡುವ ಬ್ಯಾರಲ್ಲಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟೇ ಇರುತ್ತದೆ.

ರ‍್ಯಾಕ್ ಅಂಟಿದ್ದ ಗಾಡಿಯನ್ನು ಮೊದಲ ಸಲ ಚಾಲೂ ಮಾಡುವಾಗ ಏರ್ ಕ್ಲೀನರಿನ ಪೈಪ್ ಬಿಚ್ಚಿ, ಇಂಜಿನಿನ ಗಾಳಿಯ ಬಾಯಿಗೆ ಸರಿಯಾಗಿ ಮುಚ್ಚುವ ಒಂದು ಹಲಗೆಯನ್ನು ಕೈಯಲ್ಲಿ ಹಿಡಿದು ಒಬ್ಬರು ನಿಂತಿರಲಿ. ರ‍್ಯಾಕ್ ಪೂರ್ತಿ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಇಂಜಿನ್ ಹುಚ್ಚೆದ್ದು ಓಡುತ್ತದೆ, ಚಾವಿ ತೆಗೆದರೆ ನಿಲ್ಲುವುದಿಲ್ಲ, ಗಾಳಿ ಮುಚ್ಚಿದರೆ ನಿಲ್ಲುತ್ತದೆ. ಅಂಗೈಯಿಂದ ಮುಚ್ಚಲು ಹೋಗಬೇಡಿ.

ಬ್ಯಾಟರಿಯ ವಿಷಯ ಚಿಕ್ಕದು. 12 ವೋಲ್ಟಿನ ಎರಡನ್ನು ಜೋಡಿಸಿದ 24 ವೋಲ್ಟಿನ ಗಾಡಿಯಾದರೆ ಸೆಲ್ಫ್ ಹೊಡೆಯುವಾಗ 19ಕ್ಕಿಂತ ಕೆಳಗೆ ಇಳಿಯಬಾರದು. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಎರಡು ನಿಮಿಷ ಬಿಡುವು ಕೊಡಿ. ಸೆಲ್ಫಿನ ಎರಡು ತುದಿಗಳಿಗೆ ಪಾನಾ ಅಡ್ಡ ಇಟ್ಟು ಚಾಲೂ ಮಾಡುವ ರೂಢಿ ನಮ್ಮಲ್ಲಿದೆ. ಗೇರಿನಲ್ಲಿದ್ದ ಗಾಡಿ ಹಾಗೆ ಮಾಡಿದವನ ಮೇಲೆಯೇ ಚೈನ್ ಹತ್ತಿಸುತ್ತದೆ.

ತಣ್ಣಗಿನ ಇಂಜಿನ್ ಹಿಡಿಯಲೆಂದು, ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇಯನ್ನು ಗಾಳಿಯ ಬಾಯಿಗೆ ಹೊಡೆಯುವ ಸಲಹೆಯನ್ನು ಯಾರಾದರೂ ಕೊಟ್ಟರೆ ಒಪ್ಪಬೇಡಿ. ಡೀಸೆಲ್ ಬಾರದ ಇಂಜಿನಿಗೆ ಅದರಿಂದ ಏನೂ ಆಗದು, ಹೀಟರ್ ಪ್ಲಗ್ (ಕಿಡಿ ಹಾರಿಸದೆ ಒಳಗನ್ನು ಕಾಯಿಸುವ ಪ್ಲಗ್) ಇರುವ ಇಂಜಿನಿನಲ್ಲಿ ಪಿಸ್ಟನ್ನೇ ಒಡೆಯಬಹುದು. ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಇಂಜಿನ್ ತಣ್ಣಗಿದೆ ಎನ್ನುವುದಕ್ಕೂ ಅರ್ಥವಿಲ್ಲ.

ಇಷ್ಟೆಲ್ಲ ಆದ ಮೇಲೂ ರ‍್ಯಾಕ್ ಬಿಡದಿದ್ದರೆ, ಅಥವಾ ಒಂದು ಪ್ಲಂಜರ್ ಮೇಲೆಯೇ ಸಿಕ್ಕಿಕೊಂಡಿದ್ದು ಕಂಡರೆ, ಪಂಪ್ ಕಳಿಸಲೇಬೇಕು. ಆಗ ಬಿಚ್ಚುವ ಮೊದಲು ಪಂಪಿನ ಫ್ಲ್ಯಾಂಜಿಗೂ ಇಂಜಿನಿಗೂ ಸೇರುವಂತೆ ಉಳಿಯಿಂದ ಒಂದು ಗೆರೆ ಹಾಕಿಸಿ, ಕಪ್ಲಿಂಗಿನ ಮೇಲೂ ಗುರುತು ಮಾಡಿಸಿ. ಗುರುತಿಲ್ಲದೆ ಕೂರಿಸಿದ ಪಂಪಿನಿಂದ ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಗಳಿಗೆ, ತಪ್ಪಿದರೆ ಈಗ ಕಾಣದ ಬಿಳಿ ಹೊಗೆ ಆಗ ಕಾಣುತ್ತದೆ. ಪಂಪ್ ಮರಳಿ ಬಂದಾಗ ನಾಲ್ಕೂ ಪ್ಲಂಜರುಗಳು ಎಷ್ಟೆಷ್ಟು ಡೀಸೆಲ್ ಕೊಡುತ್ತಿವೆ ಎಂದು ಬೆಂಚಿನ ಮೇಲೆ ಅಳೆದ ಚೀಟಿಯನ್ನು ಕೇಳಿ ಪಡೆಯಿರಿ. ಹಣವನ್ನು ಆ ಚೀಟಿ ನೋಡಿದ ಮೇಲೆಯೇ ಕೊಡಿ.