ಆ ಚೆಂಡಿನಲ್ಲಿ ಇರುವುದು ನಿಮ್ಮದೇ ಸ್ಪಿನ್

ಟೇಬಲ್ ಟೆನಿಸ್ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಒಬ್ಬೊಬ್ಬರು ಒಂದೊಂದು ರೀತಿ ಕೇಳಿದ್ದಾರೆ ಅಷ್ಟೆ. ಹಿಂದೆ ಎರಡು ಸಲ ಚುಟುಕಾಗಿ ಉತ್ತರ ಕೊಟ್ಟಿದ್ದೆ. ಸಾಲಲಿಲ್ಲ ಅಂತ ಕಾಣುತ್ತದೆ. ಹಾಗಾಗಿ ಈ ಬಾರಿ ಬಹುಪಾಲು ಜಾಗ ಅದಕ್ಕೇ. ಪುಶ್ (ಚೆಂಡಿನ ತಳ ಸವರಿ ಮೆಲ್ಲಗೆ ತಳ್ಳುವ ಹೊಡೆತ) ಮಾಡುವುದು ಹೇಗೆ, ಟಾಪ್‌ಸ್ಪಿನ್ ಹೊಡೆಯುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಅದನ್ನು ಟೇಬಲ್ ಮುಂದೆ ನಿಂತೇ ಕಲಿಯಬೇಕು.

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಓಡುವುದೇ ಇಲ್ಲ. ನಾನು ಜೋರಾಗಿ ಟಾಪ್‌ಸ್ಪಿನ್ ಹೊಡೆದರೆ ಸುಮ್ನೆ ಬ್ಯಾಟ್ ಅಡ್ಡ ಹಿಡಿಯುತ್ತಾರೆ. ವಾಪಸ್ ಬಂದ ಚೆಂಡನ್ನು ಮತ್ತೆ ಹೊಡೆದರೆ ನೆಟ್ಟಿಗೆ ಬೀಳುತ್ತದೆ. ಹೆದರಿ ಎರಡು ಸಲ ಪುಶ್ ಮಾಡಿದರೆ ಎರಡನೆಯದು ಮೇಲೆದ್ದು ಟೇಬಲ್ ದಾಟಿ ಹೋಗುತ್ತದೆ. ಅವರ ಬ್ಯಾಟಿನ ಒಂದು ಬದಿಯಲ್ಲಿ ಉದ್ದ ಮುಳ್ಳಿನ, ಅಂದರೆ ಮೇಲೆಲ್ಲ ಮೆತ್ತನೆಯ ಮೊನೆಗಳು ಎದ್ದಿರುವ, ರಬ್ಬರ್ ಇದೆ. ಇದು ಮೋಸ ಅಲ್ವಾ? ಇದನ್ನು ಎದುರಿಸಲು ನಾನು ಯಾವ ರಬ್ಬರ್ ಹಾಕಿಸಬೇಕು?

ಮೋಸ ಅಲ್ಲ. ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಶನ್ ಒಪ್ಪಿರುವ ರಬ್ಬರ್ ಆಗಿದ್ದರೆ ನಿಮ್ಮ ರಬ್ಬರಿಗೆ ಇರುವಷ್ಟೇ ಹಕ್ಕು ಅದಕ್ಕೂ ಇದೆ. ನೀವು ಯಾವ ರಬ್ಬರನ್ನೂ ಹಾಕಿಸಬೇಕಿಲ್ಲ. ದುಡ್ಡು ಉಳಿಸಿ.

ಒಂದು ಚೆಂಡು ತೆಗೆದುಕೊಳ್ಳಿ. ಮಾರ್ಕರ್ ಪೆನ್ನಿನಲ್ಲಿ ಅದರ ಸುತ್ತ ಒಂದು ದಪ್ಪ ಗೆರೆ ಎಳೆಯಿರಿ. ಟೇಬಲ್ ಮೇಲಿಟ್ಟು ಅಂಗೈಯಿಂದ ನಿಮ್ಮಿಂದ ಆಚೆಗೆ ಉರುಳಿಸಿ. ಚೆಂಡಿನ ತಲೆ ಮುಂದಕ್ಕೆ ಹೋಗುತ್ತದೆ ನೋಡಿ, ಅದೇ ಟಾಪ್‌ಸ್ಪಿನ್. ಈಗ ಚೆಂಡನ್ನು ಎರಡು ಬೆರಳಿನಲ್ಲಿ ಹಿಡಿದು, ತಲೆ ಆಚೆಗೆ ಹೋಗುವ ಹಾಗೆಯೇ ತಿರುಗಿಸುತ್ತಾ ನಿಮ್ಮ ಕಡೆಗೆ ಎಳೆದುಕೊಳ್ಳಿ. ತಿರುಗುವ ದಿಕ್ಕು ಬದಲಾಗಿಲ್ಲ. ಚೆಂಡು ಬರುವ ದಿಕ್ಕು ಮಾತ್ರ ಬದಲಾಯಿತು. ಈಗ ಅದರ ಹೆಸರು ಬ್ಯಾಕ್‌ಸ್ಪಿನ್. ಆ ಹಿರಿಯರ ಬ್ಯಾಟ್ ಮಾಡುವ ಕೆಲಸ ಇಷ್ಟೇ.

ನಿಮ್ಮ ಬ್ಯಾಟಿನ ನುಣುಪು ರಬ್ಬರ್ ಚೆಂಡನ್ನು ಕಚ್ಚಿ ಹಿಡಿಯುತ್ತದೆ. ಬಂದ ತಿರುಗನ್ನು ತಡೆದು ಉಲ್ಟಾ ಮಾಡಿ ಕಳಿಸುತ್ತದೆ. ಹಾಗಾಗಿ ನಿಮ್ಮ ಟಾಪ್‌ಸ್ಪಿನ್ನನ್ನು ಅಂಥ ನುಣುಪು ರಬ್ಬರಿನವರು ಬ್ಲಾಕ್ ಮಾಡಿದರೆ (ಬ್ಯಾಟ್ ಅಡ್ಡ ಹಿಡಿದು ತಡೆದರೆ) ಹಗುರವಾದ ಟಾಪ್‌ಸ್ಪಿನ್ನೇ ವಾಪಸ್ ಬರುತ್ತದೆ. ನಿಮ್ಮ ಕಣ್ಣು, ಕೈ ಎರಡೂ ಅದಕ್ಕೆ ಒಗ್ಗಿಹೋಗಿವೆ. ಉದ್ದ ಮುಳ್ಳುಗಳು ಕಚ್ಚುವುದಿಲ್ಲ. ಚೆಂಡು ತಾಗಿದಾಗ ಬಾಗಿ ಜಾರಿಬಿಡುತ್ತವೆ. ತಿರುಗು ನಿಲ್ಲುವುದೇ ಇಲ್ಲ. ಟಾಪ್‌ಸ್ಪಿನ್ ಕೊಟ್ಟರೆ ಬ್ಯಾಕ್‌ಸ್ಪಿನ್, ಪುಶ್ (ಅಂದರೆ ಬ್ಯಾಕ್‌ಸ್ಪಿನ್) ಕೊಟ್ಟರೆ ಹಗುರ ಟಾಪ್‌ಸ್ಪಿನ್, ಏನೂ ಕೊಡದಿದ್ದರೆ ಏನೂ ಇಲ್ಲದೆ ಓಲಾಡಿಕೊಂಡು ಬರುವ ಚೆಂಡು. ಮಾಡಿದ್ದುಣ್ಣೋ ಮಹಾರಾಯ ಅನ್ನುವ ಗಾದೆ ಈ ರಬ್ಬರಿಗೆ ಚೆನ್ನಾಗಿ ಒಪ್ಪುತ್ತದೆ. ನೀವು ಎಷ್ಟು ಜೋರಾಗಿ ಟಾಪ್‌ಸ್ಪಿನ್ ಹೊಡೆಯುತ್ತೀರೋ ಅಷ್ಟು ಭಾರವಾದ ಬ್ಯಾಕ್‌ಸ್ಪಿನ್ ನಿಮಗೇ ವಾಪಸ್. ಬ್ಯಾಕ್‌ಸ್ಪಿನ್ ಚೆಂಡು ನಿಮ್ಮ ಬ್ಯಾಟಿಗೆ ತಾಗಿದರೆ ಕೆಳಕ್ಕೆ ಇಳಿಯುತ್ತದೆ, ಟಾಪ್‌ಸ್ಪಿನ್ ಆದರೆ ಮೇಲಕ್ಕೆ ಏಳುತ್ತದೆ.

ಇದು ನನಗೂ ಪುಸ್ತಕದಿಂದ ಬಂದ ಜ್ಞಾನವಲ್ಲ. ಗೇಮ್ 21 ಪಾಯಿಂಟಿಗೆ ಇದ್ದ ಕಾಲ. ಒಂದು ಟೂರ್ನಿಯ ಮೊದಲ ಸುತ್ತಿನಲ್ಲೇ ಇಂಥ ಒಬ್ಬರು ಎದುರಾದರು. ಮೊದಲ ಗೇಮ್ 7-21ರಲ್ಲಿ ಸೋತೆ. ಸತತ ಆರು ಚೆಂಡು ನೆಟ್ಟಿನ ಒಂದೇ ಜಾಗಕ್ಕೆ ಬಡಿದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಪ್ರತಿ ಸಲವೂ ಮೊದಲಿಗಿಂತ ಜೋರಾಗಿ ಹೊಡೆಯುತ್ತಿದ್ದೆ. ಮ್ಯಾಚ್ ಮುಗಿದ ಮೇಲೆ ಅವರು ಬ್ಯಾಟನ್ನು ನನ್ನ ಕೈಗೆ ಕೊಟ್ಟು, 'ಎಲ್ಲಾ ನಿನ್ನದೇ ಕಣಪ್ಪ, ನಾನು ವಾಪಸ್ ಕೊಟ್ಟೆ ಅಷ್ಟೆ' ಅಂದರು. ಮುಳ್ಳುಗಳ ಮೇಲೆ ಹೆಬ್ಬೆರಳು ಆಡಿಸಿದೆ. ಹುಲ್ಲಿನ ಹಾಗೆ ಬಾಗಿದವು. ಆಗ ಅರ್ಥವಾಯಿತು.

ಹಾಗಾದರೆ ಏನು ಮಾಡಬೇಕು? ಜೋರಾದ ಟಾಪ್‌ಸ್ಪಿನ್ ಎರಡನ್ನು ಬೆನ್ನುಬೆನ್ನಿಗೆ ಹೊಡೆಯಬೇಡಿ. ಒಂದು ಹೊಡೆಯಿರಿ. ಮುಂದಿನದು ಬ್ಯಾಕ್‌ಸ್ಪಿನ್ ಅಂತ ಗೊತ್ತೇ ಇದೆ, ಅದನ್ನು ಪುಶ್ ಮಾಡಿ. ಆ ಪುಶ್ಶಿಗೆ ಬರುವ ಉತ್ತರದಲ್ಲಿ ಹಗುರ ಟಾಪ್‌ಸ್ಪಿನ್ ಇರುತ್ತದೆ, ವೇಗವೂ ಕಮ್ಮಿ. ಹೊಡೆಯಬೇಕಾದ ಚೆಂಡು ಅದು. ನೀವು ಅದನ್ನೇ ಹೆದರಿ ಮತ್ತೆ ಪುಶ್ ಮಾಡುತ್ತಿದ್ದೀರಿ, ಅದಕ್ಕೇ ಅದು ಮೇಲೆದ್ದು ಹೋಗುತ್ತಿದೆ. ನಿಮ್ಮ ಎರಡೂ ತಪ್ಪುಗಳಿಗೆ ಕಾರಣ ಒಂದೇ. ಬರುವ ಚೆಂಡನ್ನಷ್ಟೇ ನೋಡುತ್ತಿದ್ದೀರಿ, ನೀವು ಕಳಿಸಿದ್ದು ಏನು ಅಂತ ನೆನಪಿಟ್ಟುಕೊಳ್ಳುತ್ತಿಲ್ಲ.

ಎರಡನೇ ಟಾಪ್‌ಸ್ಪಿನ್ ಹೊಡೆಯಲೇಬೇಕು ಅಂದರೆ ಮೊಣಕಾಲು ಬಗ್ಗಿಸಿ, ನಿಧಾನವಾಗಿ, ಕೆಳಗಿನಿಂದ ಮೇಲಕ್ಕೆ ಸವರಿ ಎತ್ತಿ. ಮುಂದಕ್ಕೆ ಬಡಿಯಬೇಡಿ. ಸರ್ವಿಸಿನಲ್ಲೂ ಜಾಣತನ ಬೇಡ. ನಿಮ್ಮ ಭಾರಿ ಸೈಡ್‌ಸ್ಪಿನ್ ನಿಮಗೇ ತಿರುಗುಬಾಣ ಆಗುತ್ತದೆ. ಸ್ಪಿನ್ ಇಲ್ಲದ ಉದ್ದದ ಸರ್ವಿಸನ್ನು ನೇರವಾಗಿ ಮುಳ್ಳಿಗೇ ಕೊಡಿ. ಅದರ ಕೈಯಲ್ಲಿ ವಾಪಸ್ ಕೊಡಲು ಏನೂ ಇರುವುದಿಲ್ಲ.

ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. ಹುಡುಗರು ನಾಚಿಕೊಳ್ಳುತ್ತಾರೆ, ಆದರೂ ಬಿಡದೆ ಮಾಡಿಸುತ್ತೇನೆ. ಆ ಹಿರಿಯರನ್ನೇ ಇಪ್ಪತ್ತು ನಿಮಿಷ ಆಡಲು ಕೇಳಿ. ಪ್ರತಿ ಚೆಂಡು ಹೊಡೆದ ಕೂಡಲೇ ಏನು ಬರುತ್ತದೆ ಅಂತ ಬಾಯಿಬಿಟ್ಟು ಹೇಳಿ. ಟಾಪ್‌ಸ್ಪಿನ್ ಹೊಡೆದಿರಾ, 'ಬ್ಯಾಕ್' ಅನ್ನಿ. ಪುಶ್ ಮಾಡಿದಿರಾ, 'ಟಾಪ್' ಅನ್ನಿ. ಚೆಂಡು ಅವರ ಬ್ಯಾಟಿಗೆ ತಾಗುವ ಮೊದಲೇ ಮಾತು ಬಂದಿರಬೇಕು. ಮೊದಲ ದಿನ ನಾಲಿಗೆ ಹಿಂದೆ ಬೀಳುತ್ತದೆ. ಮೂರನೇ ದಿನ ಕಾಲು ತಾನಾಗಿಯೇ ಸರಿಯಾದ ಜಾಗಕ್ಕೆ ಹೋಗಿರುತ್ತದೆ.

ಒಂದು ಎಚ್ಚರಿಕೆ. ಮೇಲೆ ಹೇಳಿದ್ದು ಟೇಬಲ್ ಹತ್ತಿರ ನಿಂತು ಬ್ಯಾಟ್ ಹಿಡಿಯುವವರ ಲೆಕ್ಕ. ಟೇಬಲಿನಿಂದ ದೂರ ನಿಂತು ಚಾಪ್ ಮಾಡುವವರು (ಚೆಂಡನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸುವ ಹಾಗೆ ಹೊಡೆಯುವವರು) ನಿಮ್ಮ ಸ್ಪಿನ್ ಮೇಲೆ ತಮ್ಮದನ್ನೂ ಸೇರಿಸುತ್ತಾರೆ, ಬೇಕಾದಾಗ ಕಮ್ಮಿಯೂ ಮಾಡುತ್ತಾರೆ. ದಕ್ಷಿಣ ಕೊರಿಯಾದ ಜೂ ಸೇ-ಹ್ಯುಕ್ 2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ತನಕ ಬಂದದ್ದು ಚಾಪ್ ಮಾಡಿಕೊಂಡೇ. ಆ ಮಟ್ಟದವರ ಎದುರು ಲೆಕ್ಕ ಮಾತ್ರ ಸಾಲುವುದಿಲ್ಲ, ಅವರ ಮಣಿಕಟ್ಟನ್ನೂ ನೋಡಬೇಕು.

ಇನ್ನೊಂದು, ಬ್ಯಾಟ್ ತಿರುಗಿಸುವವರು. ನಮ್ಮ ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್ ಕಡೆ ಉದ್ದ ಮುಳ್ಳು ಇಟ್ಟುಕೊಂಡು, ರ‍್ಯಾಲಿಯ ನಡುವೆ ಬ್ಯಾಟನ್ನು ಬೆರಳಲ್ಲೇ ತಿರುಗಿಸಿಬಿಡುತ್ತಾರೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದಾಗ ಎದುರಾಳಿಗಳು ಪರದಾಡಿದ್ದನ್ನು ನೋಡಿದ್ದೀರಿ. ಹಿಂದೆ ಎರಡೂ ಬದಿಗೆ ಒಂದೇ ಬಣ್ಣದ ರಬ್ಬರ್ ಹಾಕಬಹುದಿತ್ತು. ಯಾವ ಬದಿಯಲ್ಲಿ ಹೊಡೆದರು ಅಂತಲೇ ತಿಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ನಿಯಮ ಬಿಗಿಯಾಗಿ ಕೆಂಪು, ಕಪ್ಪು ಬಂತು. 2021ರ ಅಕ್ಟೋಬರ್‌ನಿಂದ ಕೆಂಪಿನ ಬದಲು ನೀಲಿ, ಹಸಿರು, ಗುಲಾಬಿ, ನೇರಳೆಯೂ ಆಗಬಹುದು. ಒಂದು ಬದಿ ಮಾತ್ರ ಕಪ್ಪೇ ಇರಬೇಕು. ಆಟಕ್ಕೆ ಮೊದಲು ಎದುರಾಳಿಯ ಬ್ಯಾಟನ್ನು ಕೈಯಲ್ಲಿ ಹಿಡಿದು ನೋಡುವ ಹಕ್ಕು ನಿಮಗಿದೆ. ಎಷ್ಟೋ ಜನ ಸಂಕೋಚದಿಂದ ಕೇಳುವುದೇ ಇಲ್ಲ. ಕೇಳಿ. ಯಾವ ಬಣ್ಣದ ಕಡೆ ಮುಳ್ಳಿದೆ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಇನ್ನು ಕೋಪ ಬರಿಸುವ ವಿಷಯ. ಮುಳ್ಳಿನ ರಬ್ಬರನ್ನು ಬಿಸಿ ಮಾಡಿ, ಏನೇನೋ ದ್ರಾವಣ ಸವರಿ, ಇನ್ನಷ್ಟು ಜಾರುವ ಹಾಗೆ ಮಾಡಿ ಮಾರುವವರಿದ್ದಾರೆ. ಇದು ನಿಜವಾದ ಮೋಸ. ಹಿಡಿತವೇ ಇಲ್ಲದ ಮುಳ್ಳಿನ ರಬ್ಬರ್‌ಗಳನ್ನು 2008ರಲ್ಲೇ ನಿಷೇಧಿಸಲಾಗಿದೆ. ಒಪ್ಪಿಗೆ ಪಡೆದ ರಬ್ಬರನ್ನು ಮನೆಯಲ್ಲಿ ಬದಲಾಯಿಸುವುದೂ ನಿಯಮಕ್ಕೆ ವಿರುದ್ಧ. ಅವರ ಎದುರಿಗೇ 'ಮುಳ್ಳಿಗೆ ಮದ್ದು' ಅಂತ ಇನ್ನೊಂದು ರಬ್ಬರ್ ಮಾರುವವರೂ ಇದ್ದಾರೆ. ಇಬ್ಬರ ಹತ್ತಿರವೂ ಸುಳಿಯಬೇಡಿ. ಬ್ಯಾಟಿನಲ್ಲೇ ಎಲ್ಲ ಇದೆ ಅನ್ನುವ ನಂಬಿಕೆ ಹಳೆಯದು. 1952ರಲ್ಲಿ ಬಾಂಬೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜಿನ ಬ್ಯಾಟ್ ತಂದು ಗೆದ್ದರು. ಚೆಂಡು ತಾಗಿದ ಸದ್ದೇ ಕೇಳದೆ ಎದುರಾಳಿಗಳು ದಿಕ್ಕುತಪ್ಪಿದ್ದರು. ಇವತ್ತು ಸ್ಪಾಂಜ್ ಎಲ್ಲರ ಬ್ಯಾಟಿನಲ್ಲೂ ಇದೆ. ಅದನ್ನು ನೋಡಿ ಯಾರೂ ಬೆಚ್ಚಿಬೀಳುವುದಿಲ್ಲ, ಅಲ್ವಾ?

ಪ್ರಶ್ನೆ: ಎದುರಾಳಿ ಒಂದೇ ಆ್ಯಕ್ಷನ್‌ನಲ್ಲಿ ಒಮ್ಮೆ ಬ್ಯಾಕ್‌ಸ್ಪಿನ್, ಒಮ್ಮೆ ಸ್ಪಿನ್ನೇ ಇಲ್ಲದ ಸರ್ವಿಸ್ ಮಾಡುತ್ತಾನೆ. ಕಂಡುಹಿಡಿಯುವುದು ಹೇಗೆ?

ಹೊಡೆದ ಮೇಲೆ ಅವನ ಕೈ ಎಲ್ಲಿ ಹೋಯಿತು ಅಂತ ನೋಡುತ್ತಿದ್ದೀರಿ. ಅದು ನಾಟಕ. ಚೆಂಡು ಬ್ಯಾಟಿನ ತುದಿಗೆ ತಾಗಿತೋ, ಹಿಡಿಯ ಹತ್ತಿರ ತಾಗಿತೋ ನೋಡಿ. ತುದಿಯ ವೇಗ ಜಾಸ್ತಿ, ಅಲ್ಲಿ ಸ್ಪಿನ್ ಹುಟ್ಟುತ್ತದೆ. ಹಿಡಿಯ ಹತ್ತಿರ ಹುಟ್ಟುವುದು ಕಮ್ಮಿ. ಬರುವ ಚೆಂಡಿನ ಮೇಲಿನ ಮುದ್ರೆ ಕಣ್ಣಿಗೆ ಕಾಣುತ್ತಿದ್ದರೆ ಸ್ಪಿನ್ ಹೆಚ್ಚಿಲ್ಲ ಅಂತ ತಿಳಿಯಿರಿ. ತಾಗುವ ಕ್ಷಣವನ್ನು ಅವನು ತೋಳಿನಿಂದಲೋ ಮೈಯಿಂದಲೋ ಮರೆ ಮಾಡುತ್ತಿದ್ದರೆ ಅಂಪೈರ್‌ಗೆ ಹೇಳಿ. 2002ರಿಂದ ಅದು ತಪ್ಪು. ಚೆಂಡನ್ನು ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಹಾರಿಸುತ್ತಾನಾ ಅಂತಲೂ ಗಮನಿಸಿ. ಕ್ಲಬ್ ಮಟ್ಟದಲ್ಲಿ ಅರ್ಧ ಜನ ಅಂಗೈಯಿಂದಲೇ ಹೊಡೆಯುತ್ತಾರೆ.

ಪ್ರಶ್ನೆ: ಯಾವ ಸರ್ವಿಸನ್ನಾದರೂ ತೆಗೆಯುವ ಒಂದೇ ಉಪಾಯ ಇದೆ ಅಂತ ವಿಡಿಯೊದಲ್ಲಿ ನೋಡಿದೆ. ನಿಜವಾ?

ಸುಳ್ಳು.

ಪ್ರಶ್ನೆ: ಎತ್ತರಕ್ಕೆ ಲಾಬ್ ಮಾಡುವವರ ಎದುರು ನಾಲ್ಕು ಸ್ಮ್ಯಾಶ್ ಹೊಡೆದು ಐದನೆಯದನ್ನು ಹಾಳು ಮಾಡುತ್ತೇನೆ.

ಒಳ್ಳೆಯ ಲಾಬ್‌ನಲ್ಲಿ ಟಾಪ್‌ಸ್ಪಿನ್ ಇರುತ್ತದೆ. ಪುಟಿದ ಮೇಲೆ ನಿಮ್ಮ ಮೈಮೇಲೇ ನುಗ್ಗುತ್ತದೆ. ಮೊದಲೇ ಅರ್ಧ ಹೆಜ್ಜೆ ಹಿಂದೆ ನಿಂತಿರಿ. ಐದೂ ಸ್ಮ್ಯಾಶ್ ಒಂದೇ ಕಡೆಗೆ ಹೊಡೆಯುತ್ತಿದ್ದೀರಿ ಅಂತ ನನ್ನ ಅನುಮಾನ. ಮೂರನೆಯದನ್ನು ಅವರ ಹೊಟ್ಟೆಗೆ ನೇರವಾಗಿ ಹೊಡೆಯಿರಿ. ಭುಜ ನೋಯುತ್ತಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಒಂದು ಪಾಯಿಂಟಿಗಾಗಿ ಭುಜ ಕಳೆದುಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ನೆಟ್ಟಿನ ಪಕ್ಕದಿಂದ, ನೆಟ್ಟಿಗಿಂತ ಕೆಳಗೆ ಸುತ್ತಿ ಬಂದ ಚೆಂಡು ನನ್ನ ಟೇಬಲ್ ಮೇಲೆ ಬಿತ್ತು. ಪಾಯಿಂಟ್ ಯಾರದ್ದು?

ಅವರದ್ದೇ. ನೆಟ್ಟಿನ ಮೇಲಿಂದಲೇ ಬರಬೇಕು ಅಂತ ನಿಯಮ ಇಲ್ಲ, ಸುತ್ತಿ ಬಂದರೂ ಸರಿ. ನೀವು ಅಷ್ಟು ಅಗಲಕ್ಕೆ ಚೆಂಡು ಕೊಟ್ಟಿದ್ದರಿಂದಲೇ ಅವರಿಗೆ ಆ ಕೋನ ಸಿಕ್ಕಿತು.

ಪ್ರಶ್ನೆ: ಎಡ್ಜ್ ಬಾಲನ್ನು ಅಭ್ಯಾಸ ಮಾಡಬಹುದಾ?

ಇಲ್ಲ. ಟೇಬಲಿನ ಮೇಲಂಚಿಗೆ ತಾಗಿದರೆ ಪಾಯಿಂಟ್, ಪಕ್ಕದ ದಪ್ಪಕ್ಕೆ ತಾಗಿದರೆ ಅಲ್ಲ. ಇಷ್ಟು ಗೊತ್ತಿದ್ದರೆ ಸಾಕು.