ಗಂಡು ದನಿಯಲ್ಲಿ ಆಡುತ್ತಿದ್ದ ಹುಡುಗಿ

ಮುಚ್ಚಿದ ಬಾಗಿಲ ಹಿಂದೆ ಗಂಡಸಿನ ದನಿ ಕೇಳಿಸಿತೆಂದು ಗಾಬರಿಗೊಂಡ ತಾಯಿಯೊಬ್ಬರು ಮಗಳನ್ನು ನನ್ನ ಬಳಿ ಕರೆತಂದಿದ್ದರು. ಬಾಗಿಲು ತೆರೆದು ನೋಡಿದರೆ ಒಳಗೆ ಬೇರೆ ಯಾರೂ ಇರಲಿಲ್ಲ. 16 ವರ್ಷದ ಮಗಳು ಕಂಪ್ಯೂಟರ್ ಮುಂದೆ ಒಬ್ಬಳೇ ಕುಳಿತು, ದನಿ ಬದಲಿಸುವ ತಂತ್ರಾಂಶದಿಂದ ತನ್ನ ಮಾತನ್ನೇ ಗಂಡು ದನಿಗೆ ತಿರುಗಿಸಿ, ನಂಬುವಂತಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದಳು. ತಂಡ ಕಟ್ಟಿಕೊಂಡು ಆಡುವ ಆನ್‌ಲೈನ್ ಶೂಟಿಂಗ್ ಗೇಮ್‌ನಲ್ಲಿ ಎರಡು ವರ್ಷಗಳಿಂದ ಅವಳಿಗೆ ಹುಡುಗನ ಹೆಸರಿತ್ತು. ಈಗ ದನಿಯೂ ಬೇಕಾಗಿತ್ತು. "ಇದೇನು ಮಾನಸಿಕ ಕಾಯಿಲೆಯೇ?" ಎಂದು ತಾಯಿ ಕೇಳಿದರು. ಅಲ್ಲ ಎಂದು ಆ ಕ್ಷಣವೇ ಹೇಳಿದೆ.

ಅವಳನ್ನು ಇಲ್ಲಿ ನಿಧಿ ಎಂದು ಕರೆಯುತ್ತೇನೆ. ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ನಿದ್ದೆ, ಓದು ಎಲ್ಲವೂ ಸರಿಯಾಗಿತ್ತು, ಆಟದ ಚಟವೂ ಇರಲಿಲ್ಲ. ನನಗೆ ಕಳವಳ ತಂದದ್ದು ಒಂದೇ ಸಂಗತಿ. ಕೆಲವು ತಿಂಗಳಿಂದ ಅವಳು ತರಗತಿಯಲ್ಲಿಯೂ ಬಾಯಿ ಬಿಡುವುದನ್ನು ನಿಲ್ಲಿಸಿದ್ದಳು.

ಮೊದಲ ಎರಡು ಭೇಟಿಗಳಲ್ಲಿ ಸಂಗತಿ ಸ್ವಲ್ಪ ಸ್ವಲ್ಪವಾಗಿ ಹೊರಬಂತು. ಒಮ್ಮೆ ಪಂದ್ಯದ ನಡುವೆ ಮೈಕ್ ಆನ್ ಮಾಡಿ, ಎದುರಾಳಿ ಎಲ್ಲಿ ಅಡಗಿದ್ದಾನೆಂದು ತನ್ನ ತಂಡಕ್ಕೆ ಹೇಳಿದ್ದಳು. ಎದುರಾಳಿಯ ಸುದ್ದಿ ಅಲ್ಲಿಗೇ ನಿಂತಿತು. ಒಬ್ಬ ಫೋಟೋ ಕೇಳಿದ, ಇನ್ನೊಬ್ಬ ಅಡುಗೆಮನೆಗೆ ಹೋಗೆಂದ, ಮತ್ತೊಬ್ಬ ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಪಂದ್ಯ ಸೋತಾಗ ತಪ್ಪೆಲ್ಲ ಅವಳ ತಲೆಗೆ ಬಂತು. "ಮಾತನಾಡಿದ ಕೂಡಲೇ ನಾನು ಹುಡುಗಿಯಾಗುತ್ತೇನೆ, ಮೇಡಂ. ಸುಮ್ಮನಿದ್ದರೆ ಬರಿಯ ಪ್ಲೇಯರ್" ಎಂದಳು. ಇದೇ ಮಾತನ್ನು ಬೇರೆ ಬೇರೆ ಪದಗಳಲ್ಲಿ ನಾನು ಹಲವು ಹುಡುಗಿಯರಿಂದ ಕೇಳಿದ್ದೇನೆ.

ಮೂರನೆಯ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಧೈರ್ಯ ತುಂಬಲೆಂದು, ಇಂಥ ಹುಡುಗಿಯರಿಗೆ ವರ್ಷಗಳಿಂದ ಹೇಳುತ್ತ ಬಂದಿದ್ದ ಉದಾಹರಣೆಯನ್ನೇ ಅವಳ ಮುಂದೆಯೂ ಇಟ್ಟೆ. 1981ರ 'ಡಾಂಕಿ ಕಾಂಗ್', 1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟಗಳಲ್ಲಿ ಹೆಣ್ಣು ಸೆರೆಯಲ್ಲಿದ್ದು ಬಿಡಿಸುವವನಿಗಾಗಿ ಕಾಯುತ್ತಾಳೆ. 1986ರಲ್ಲಿ ನಿಂಟೆಂಡೊದ 'ಮೆಟ್ರಾಯ್ಡ್' ಬಂತು. ಅದರಲ್ಲಿ ಲೋಹದ ಕವಚ ತೊಟ್ಟು ಒಂಟಿಯಾಗಿ ಹೋರಾಡುವ ಸ್ಯಾಮಸ್ ಅರಾನ್‌ನನ್ನು ಆಟದ ಇಂಗ್ಲಿಷ್ ಕೈಪಿಡಿಯೂ 'ಅವನು' ಎಂದೇ ಕರೆದಿತ್ತು. ಕೊನೆಯಲ್ಲಿ ಕವಚ ಕಳಚಿದರೆ ಒಳಗಿದ್ದವಳು ಹೆಣ್ಣು. "ಅವಳೂ ನಿನ್ನಂತೆಯೇ ಗಂಡೆಂದುಕೊಂಡವರ ನಡುವೆ ಗೆದ್ದವಳು" ಎಂದೆ.

ನಿಧಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ನೀವು ಆ ಗೇಮ್ ಆಡಿದ್ದೀರಾ, ಮೇಡಂ?"

ಇಲ್ಲ ಎಂದೆ.

"ಅವಳು ಹೆಣ್ಣು ಅಂತ ಎಲ್ಲರಿಗೂ ತೋರಿಸುವುದಿಲ್ಲ. ಬೇಗ ಮುಗಿಸಿದವರಿಗೆ ಮಾತ್ರ. ಇನ್ನೂ ಬೇಗ ಮುಗಿಸಿದರೆ ಬಟ್ಟೆ ಇನ್ನೂ ಕಡಿಮೆ. ಒಂದು ಗಂಟೆಯೊಳಗೆ ಮುಗಿಸಿದರೆ ಬಿಕಿನಿಯಲ್ಲಿ ನಿಲ್ಲುತ್ತಾಳೆ. ಹೋರಾಡಿದವಳು ಅವಳು, ಬಹುಮಾನ ನೋಡುವವನಿಗೆ."

ನನ್ನಲ್ಲಿ ಉತ್ತರವಿರಲಿಲ್ಲ. ಅವಳೇ ಮುಂದುವರಿಸಿದಳು: "ನಾನು ಮೈಕ್ ಆನ್ ಮಾಡಿದಾಗಲೂ ಅಷ್ಟೇ. ನಾನು ಎಷ್ಟು ಜನರನ್ನು ಹೊಡೆದೆ ಎನ್ನುವುದು ಯಾರಿಗೂ ಬೇಡ. ಒಳಗೆ ಹೇಗಿದ್ದೇನೆ ಅಂತ ನೋಡಬೇಕು."

ಅಂದು ರಾತ್ರಿ ಹುಡುಕಿ ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆಟದಲ್ಲಿ ಹೆಣ್ಣನ್ನು ಹೇಗೆ ಚಿತ್ರಿಸುತ್ತಾರೆ ಎನ್ನುವುದು ವಿಮರ್ಶಕರ ವಿಷಯ, ಆಡುವ ಹುಡುಗಿಗೆ ಆಗುವ ಕಿರುಕುಳ ನನ್ನಂಥವರ ವಿಷಯ ಎಂದು ಅಲ್ಲಿಯವರೆಗೆ ನಾನು ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದೆ. ಆ ಎರಡನ್ನೂ ಈ ಹುಡುಗಿ ನಾಲ್ಕು ವಾಕ್ಯಗಳಲ್ಲಿ ಜೋಡಿಸಿಬಿಟ್ಟಳು. ಆಟದ ಚಿತ್ರಗಳೇ ಹುಡುಗರನ್ನು ಕೆಡಿಸುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ಒಂದೇ ಯುದ್ಧಕ್ಕೆ ಹೊರಟವರಲ್ಲಿ ಗಂಡಿಗೆ ಕತ್ತಿನಿಂದ ಪಾದದವರೆಗೆ ಉಕ್ಕು, ಹೆಣ್ಣಿಗೆ ಹೊಟ್ಟೆ ತೊಡೆ ಬಿಟ್ಟ ಕವಚ ಎನ್ನುವುದನ್ನು ಎಳೆಯ ವಯಸ್ಸಿನಿಂದ ನೋಡುತ್ತ ಬಂದ ಹುಡುಗನಿಗೆ, ಹೆಡ್‌ಫೋನ್‌ನಲ್ಲಿ ಹೆಣ್ಣು ದನಿ ಕೇಳಿದಾಗ ಏನು ನೆನಪಾಗಬೇಕು? 2017ರ 'ಹೊರೈಜನ್ ಝೀರೋ ಡಾನ್' ಆಟದ ಏಲಾಯ್‌ಳಂತೆ ಬೇಟೆಗೆ ತಕ್ಕ ಉಡುಪು ತೊಟ್ಟ ನಾಯಕಿಯರೂ ಇದ್ದಾರೆ. ನಿಧಿಗೆ ಅವಳೆಂದರೆ ಪ್ರಾಣ. ಆದರೆ ಅದು ಒಬ್ಬರೇ ಆಡುವ ಆಟ, ಅಲ್ಲಿ ಮೈಕ್ ಇಲ್ಲ.

ನಾನು ಕೊಟ್ಟ ಸಲಹೆಯ ಬಗ್ಗೆ ಎರಡೂ ಕಡೆಯಿಂದ ಆಕ್ಷೇಪ ಬಂತು. ಆಟ ಬಿಡಿಸಿ ಎಂದು ತಾಯಿ ಕೇಳಿದರು, ನಾನು ಒಪ್ಪಲಿಲ್ಲ. ಕಿರುಕುಳ ಕೊಟ್ಟವರು ಉಳಿದು ಅನುಭವಿಸಿದವಳು ಎದ್ದು ಹೋದರೆ, ತರಗತಿಯಲ್ಲಿ ಅವಳು ಆಗಲೇ ಕಲಿತಿದ್ದ ಪಾಠವನ್ನು ನಾನೇ ಗಟ್ಟಿ ಮಾಡಿದಂತಾಗುತ್ತಿತ್ತು. ಸ್ವಂತ ದನಿಯಲ್ಲೇ ಎದುರಿಸಲು ಹೇಳಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ಅದಕ್ಕೂ ನಾನು ಒಪ್ಪುವುದಿಲ್ಲ. ಆಟಗಳಲ್ಲಿ ಹೆಣ್ಣಿನ ಚಿತ್ರಣವನ್ನು ವಿಮರ್ಶಿಸಿದ್ದ ಅನಿತಾ ಸರ್ಕೀಸಿಯನ್ 2014ರಲ್ಲಿ ಗುಂಡಿನ ದಾಳಿಯ ಬೆದರಿಕೆ ಬಂದ ಕಾರಣ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿನ ಉಪನ್ಯಾಸವನ್ನು ರದ್ದು ಮಾಡಬೇಕಾಯಿತು. ವಯಸ್ಕಳಿಗೇ ಹೀಗಾಗುವಲ್ಲಿ, 16ರ ಹುಡುಗಿಯ ಧೈರ್ಯವನ್ನು ಪಣಕ್ಕಿಡುವ ಹಕ್ಕು ನನಗಿಲ್ಲ. ದನಿ ಬದಲಿಸುವುದು ಅವಳ ಕವಚ. ಅದನ್ನು ಯಾವಾಗ, ಯಾರ ಮುಂದೆ ತೆಗೆಯಬೇಕೆಂದು ಅವಳೇ ತೀರ್ಮಾನಿಸಲಿ ಎಂದೆ.

ಆದರೆ ತಾನು ಕೆಟ್ಟದಾಗಿ ಆಡುವುದರಿಂದಲೇ ಬೈಯುತ್ತಾರೆ ಎಂಬ ಅವಳ ನಂಬಿಕೆಯನ್ನು ಹಾಗೆಯೇ ಬಿಡಲು ಆಗುತ್ತಿರಲಿಲ್ಲ. 'ಹ್ಯಾಲೋ 3' ಆಟದಲ್ಲಿ ನಡೆದ ಎರಡು ಅಧ್ಯಯನಗಳನ್ನು ತೋರಿಸಿದೆ. 2013ರ ಅಧ್ಯಯನದಲ್ಲಿ ಹೆಣ್ಣು ದನಿಗೆ ಬಂದ ಕೆಟ್ಟ ಮಾತುಗಳು ಗಂಡು ದನಿಗೆ ಬಂದದ್ದಕ್ಕಿಂತ 3 ಪಟ್ಟು. 2015ರದ್ದರಲ್ಲಿ ಹೆಣ್ಣು ದನಿಯ ಮೇಲೆ ಹೆಚ್ಚು ಹಗೆ ಕಾರಿದವರು ಕಳಪೆಯಾಗಿ ಆಡುತ್ತಿದ್ದ ಗಂಡಸರು. ಚೆನ್ನಾಗಿ ಆಡುವವರು ಹೆಚ್ಚು ಸೌಜನ್ಯದಿಂದಿದ್ದರು. ಅದನ್ನು ಎರಡು ಸಲ ಓದಿ, "ಇದರ ಫೋಟೋ ತೆಗೆದುಕೊಳ್ಳಲೇ?" ಎಂದು ಕೇಳಿದಳು.

ಉಳಿದದ್ದು ಸಣ್ಣ ಕೆಲಸಗಳು. ಪರಿಚಿತರ ಪುಟ್ಟ ಗುಂಪು ಕಟ್ಟಿಕೊಂಡು ಅಲ್ಲಿ ಮಾತ್ರ ಸ್ವಂತ ದನಿಯಲ್ಲಿ ಆಡುವುದು. ಅಪರಿಚಿತರು ಕಿರುಕುಳ ಕೊಟ್ಟರೆ ವಾದಿಸದೆ ರೆಕಾರ್ಡ್ ಮಾಡಿ, ಮ್ಯೂಟ್ ಮಾಡಿ, ರಿಪೋರ್ಟ್ ಮಾಡುವುದು. ತರಗತಿಯಲ್ಲಿ ದಿನಕ್ಕೊಂದು ಉತ್ತರ. ತಾಯಿಗೂ ಒಂದು ಕೆಲಸ ಕೊಟ್ಟೆ: ಮಗಳ ಪಕ್ಕ ಕುಳಿತು, ಹೆಡ್‌ಫೋನ್ ಹಾಕಿಕೊಂಡು ಒಂದು ಪಂದ್ಯ ಪೂರ್ತಿ ಕೇಳಿ. ಮಗಳು ಅಂದು ಬೇಕೆಂದೇ ಸ್ವಂತ ದನಿಯಲ್ಲಿ ಆಡಿದಳಂತೆ. ಮುಂದಿನ ವಾರ ತಾಯಿ ಒಬ್ಬರೇ ಬಂದು, "ಅವರೆಲ್ಲ ಮಕ್ಕಳ ದನಿಗಳು, ಮೇಡಂ. ನನ್ನ ಮಗಳಿಗಿಂತ ಚಿಕ್ಕವರು" ಎಂದು ಅತ್ತರು.

ಇದನ್ನು ಬರೆಯಲು ಆ ಮಾತೇ ಕಾರಣ. ಹುಡುಗಿಯರನ್ನು ಕರೆತರುವ ತಂದೆತಾಯಿಗಳನ್ನು ನೋಡಿದ್ದೇನೆ. ಹೆಚ್ಚು ಹೊತ್ತು ಆಡುತ್ತಾನೆ, ಅಂಕ ಕಡಿಮೆಯಾಗಿದೆ ಎಂದು ಹುಡುಗರನ್ನು ಕರೆತರುವವರೂ ಇದ್ದಾರೆ. ಆಟದಲ್ಲಿ ಹುಡುಗಿಯೊಬ್ಬಳೊಂದಿಗೆ ನನ್ನ ಮಗ ಹೀಗೆ ಮಾತನಾಡಿದ ಎಂದು ಒಬ್ಬರಾದರೂ ನನ್ನ ಬಳಿ ಬಂದದ್ದಿಲ್ಲ. ಮಗನ ಹೆಡ್‌ಫೋನನ್ನು ಒಂದು ಪಂದ್ಯದ ಮಟ್ಟಿಗೆ ತೆಗೆಸಿ, ದನಿ ಸ್ಪೀಕರ್‌ನಲ್ಲಿ ಬರುವಂತೆ ಮಾಡಿ ಕೇಳಿ ಎಂದು ಅಂಥ ಮನೆಗಳಿಗೆ ಹೇಳಬೇಕೆನಿಸುತ್ತದೆ.

ನಿಧಿ ಈಗ ನಾಲ್ವರು ಗೆಳತಿಯರ ಗುಂಪಿನಲ್ಲಿ ತನ್ನದೇ ದನಿಯಲ್ಲಿ ಆಡುತ್ತಾಳೆ, ತರಗತಿಯಲ್ಲಿಯೂ ಮಾತನಾಡುತ್ತಾಳೆ. ಅಪರಿಚಿತರ ನಡುವೆ ಗಂಡು ದನಿ ಹಾಗೆಯೇ ಇದೆ. ಸ್ಯಾಮಸ್‌ಳ ಕಥೆಯನ್ನು ನಾನು ಈಗ ಯಾರಿಗೂ ಧೈರ್ಯ ತುಂಬಲು ಹೇಳುವುದಿಲ್ಲ.